ಮನವಿ ರಾಷ್ಟ್ರಪತಿಗೆ, ತೀರ್ಮಾನ ಯಾರದು?

ಕಾಸರಗೋಡಿನಲ್ಲಿ ಕನ್ನಡದ ವಿಷಯಕ್ಕೆ ಸಹಿ ಸಂಗ್ರಹ ಶುರುವಾದರೆ ‘ರಾಷ್ಟ್ರಪತಿಗೂ ಒಂದು ಪ್ರತಿ ಕಳಿಸಿ’ ಅನ್ನುವವರು ಇದ್ದೇ ಇರುತ್ತಾರೆ. ಆಡಳಿತದಲ್ಲೂ ಶಾಲೆಯಲ್ಲೂ ಮಲಯಾಳವನ್ನು ಕಡ್ಡಾಯ ಮಾಡಹೊರಟ ಕೇರಳದ ಮಲಯಾಳ ಭಾಷಾ ಮಸೂದೆಯ ಗಲಾಟೆ ಎದ್ದ ಮೇಲಂತೂ ಈ ಮಾತು ಜಾಸ್ತಿಯಾಗಿದೆ. ಕೇರಳ ವಿಧಾನಸಭೆ ಪಾಸ್ ಮಾಡಿದ್ದನ್ನು ರಾಷ್ಟ್ರಪತಿ ತಡೆಯಬಹುದಾ?

ತಡೆಯಬಹುದು. ಆದರೆ ತಮ್ಮಿಷ್ಟಕ್ಕೆ ಅಲ್ಲ. ರಾಷ್ಟ್ರಪತಿ ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಅಂತ 1976ರ 42ನೇ ತಿದ್ದುಪಡಿ ಖಡಾಖಂಡಿತವಾಗಿ ಹೇಳಿತು. ‘ಇನ್ನೊಮ್ಮೆ ಯೋಚಿಸಿ’ ಎಂದು ಆ ಸಲಹೆಯನ್ನು ಒಂದು ಸಲ ವಾಪಸ್ ಕಳಿಸುವ ಅವಕಾಶವನ್ನು 1978ರ 44ನೇ ತಿದ್ದುಪಡಿ ಕೊಟ್ಟಿತು. ಆ ಮಂತ್ರಿಮಂಡಲ ಉಳಿಯುವುದು ಲೋಕಸಭೆಯ ಬಹುಮತ ಇರುವಷ್ಟು ದಿನ.

ಹಾಗಾದರೆ ರಾಷ್ಟ್ರಪತಿಯ ಕೈಯಲ್ಲಿ ಉಳಿದದ್ದೇನು? ಸುಮ್ನೆ ಇರುವುದು. ಮಸೂದೆಗೆ ಇಷ್ಟೇ ದಿನದಲ್ಲಿ ಸಹಿ ಹಾಕಬೇಕೆಂದು ಸಂವಿಧಾನದಲ್ಲಿ ಎಲ್ಲೂ ಇಲ್ಲ. ಜನರ ಕಾಗದ ಒಡೆದು ನೋಡಲು ಸರ್ಕಾರಕ್ಕೆ ಅಧಿಕಾರ ಕೊಡುವ 1986ರ ಅಂಚೆ ಮಸೂದೆಗೆ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ರಾಜ್ಯದ ಮಸೂದೆಯ ದಾರಿ ಇನ್ನೂ ಉದ್ದ. 200ನೇ ವಿಧಿಯಂತೆ ರಾಜ್ಯಪಾಲರು ಅದನ್ನು ದೆಹಲಿಗೆ ಕಳಿಸಬಹುದು. ಅಲ್ಲಿ ಗೃಹ ಸಚಿವಾಲಯ ಪರಿಶೀಲಿಸುತ್ತದೆ. 2015ರ ಮಲಯಾಳ ಭಾಷಾ ಮಸೂದೆ ಹೋದದ್ದು ಹೀಗೆ. ವರ್ಷಗಟ್ಟಲೆ ಕಾದರೂ ಅಂಕಿತ ಸಿಗಲಿಲ್ಲ. ಇಲ್ಲಿ ಅನೇಕರು ನೆಮ್ಮದಿಯ ಉಸಿರು ಬಿಟ್ಟದ್ದು ನಿಜ. ಆದರೆ ಅದೇ ವಿಳಂಬ ನಾಳೆ ನಮಗೆ ಬೇಕಾದ ಮಸೂದೆಯನ್ನೂ ಕೂರಿಸಬಹುದಲ್ವಾ? 2025ರ ಅಕ್ಟೋಬರ್‌ನಲ್ಲಿ ವಿಧಾನಸಭೆ ಹೊಸ ಮಸೂದೆ ಪಾಸ್ ಮಾಡಿತು. ನವೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿಗೆ ಕೋರ್ಟ್ ಗಡುವು ಹಾಕುವಂತಿಲ್ಲ ಎಂದಿತು.

347ನೇ ವಿಧಿ ಕನ್ನಡಿಗರು ಆಗಾಗ ಎತ್ತಿ ತೋರಿಸುವ ಇನ್ನೊಂದು ದಾರಿ. ಸಾಕಷ್ಟು ಜನ ಕೇಳಿದರೆ, ಅವರ ಭಾಷೆಗೂ ಮಾನ್ಯತೆ ಕೊಡಿ ಎಂದು ರಾಷ್ಟ್ರಪತಿ ರಾಜ್ಯಕ್ಕೆ ಹೇಳಬಹುದು. ಅಲ್ಲೂ ತೀರ್ಮಾನ ಮಂತ್ರಿಮಂಡಲದ್ದೇ. ಅದಕ್ಕೇ ಮನವಿಯ ಪ್ರತಿ ಗೃಹ ಸಚಿವಾಲಯಕ್ಕೂ ಹೋಗಲಿ. ಇನ್ನೊಂದನ್ನು ನಮ್ಮ ಸಂಸದರ ಕೈಗೇ ಕೊಡಿ, ಲೋಕಸಭೆಯಲ್ಲಿ ಮಂತ್ರಿಯನ್ನು ಪ್ರಶ್ನೆ ಕೇಳಬಲ್ಲವರು ಅವರು.