ಬೆಳಗಿನ ಆಟ ಹಿಂದಿನ ರಾತ್ರಿಯೇ ಶುರು

ವಾರ್ಷಿಕ ಪರೀಕ್ಷೆಯ ಕೊನೆಯ ದಿನ ಶಾಲೆಯ ಗೇಟಿನ ಬಳಿ ತಾಯಂದಿರು ನನ್ನನ್ನು ತಡೆದು ನಿಲ್ಲಿಸುತ್ತಾರೆ. ಕೇಳುವ ಪ್ರಶ್ನೆ ಪ್ರತಿ ವರ್ಷವೂ ಒಂದೇ. "ಮೇಡಂ, ಇವನು ಒಂದು ಗಳಿಗೆ ಕೂತಲ್ಲಿ ಕೂರುವುದಿಲ್ಲ. ಹೊರಗೆ ಬಿಟ್ಟರೆ ಬಿಸಿಲು ಬಡಿಯುತ್ತದೆ, ಒಳಗಿಟ್ಟರೆ ಮನೆಯನ್ನೇ ತಲೆಕೆಳಗು ಮಾಡುತ್ತಾನೆ. ರಜೆ ಮುಗಿಯುವವರೆಗೆ ಏನು ಮಾಡಲಿ?" ಕಲಬುರಗಿಯಲ್ಲಿ 22 ವರ್ಷಗಳಿಂದ ಮಕ್ಕಳಿಗೆ ಆಟ ಕಲಿಸುತ್ತಿದ್ದೇನೆ. ಕೂತಲ್ಲಿ ಕೂರದ ಮಗು ನನ್ನ ಕಣ್ಣಿಗೆ ತುಂಬು ಆರೋಗ್ಯದ ಮಗು. ಅದಕ್ಕೆ ಓಡಲು ಜಾಗ ಬೇಕು, ಹೊತ್ತು ಬೇಕು. ಜಾಗ ಹೇಗೋ ಸಿಗುತ್ತದೆ. ಹೊತ್ತನ್ನು ಮಾತ್ರ ನಾವೇ ಕಳೆದುಕೊಳ್ಳುತ್ತಿದ್ದೇವೆ.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಹೆದರಿ ಸರ್ಕಾರವೇ ತನ್ನ ಗಡಿಯಾರ ಬದಲಿಸಿಕೊಂಡಿದೆ. ಅದೇ ಮನೆಗಳಲ್ಲಿ ಮಕ್ಕಳ ಗಡಿಯಾರ ಮಾತ್ರ ಹಿಂದಕ್ಕೆ ಓಡುತ್ತದೆ. ಮಾಳಿಗೆಯ ಮೇಲೆ ಹಾಸಿಗೆ ಹಾಸಿ, ತಣ್ಣನೆ ಗಾಳಿಗೆ ಮೈಯೊಡ್ಡಿ, ಕೈಯಲ್ಲಿ ಮೊಬೈಲ್ ಹಿಡಿದು ಹನ್ನೆರಡರವರೆಗೆ ಎಚ್ಚರ. ಮರುದಿನ ಏಳುವುದು ಒಂಬತ್ತಕ್ಕೆ. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮೂಡುವುದು ಆರು ಗಂಟೆಗೂ ಮೊದಲೇ. ಆರರಿಂದ ಎಂಟರವರೆಗಿನ ಎರಡು ಗಂಟೆ ನಮ್ಮೂರಿನ ಮಕ್ಕಳಿಗೆ ದೇವರು ಕೊಟ್ಟ ಮೈದಾನ. ಅದು ನಿದ್ದೆಯಲ್ಲಿ ಹೋದರೆ ಸಂಜೆಯವರೆಗೆ ಬೇರೆ ಮೈದಾನವಿಲ್ಲ.

ಹಾಗಾಗಿ ನಾನು ತಾಯಂದಿರಿಗೆ ಮೊದಲು ಹೇಳುವುದು ಆಟದ ಮಾತಲ್ಲ, ನಿದ್ದೆಯ ಮಾತು. ಬೇಸಿಗೆ ಶಿಬಿರಕ್ಕೆ ಸಾವಿರಾರು ರೂಪಾಯಿ ಕಟ್ಟುವ ಮೊದಲು ರಾತ್ರಿ ಒಂಬತ್ತಕ್ಕೆ ಮೊಬೈಲ್ ಕಪಾಟು ಸೇರಲಿ, ದೊಡ್ಡವರದೂ ಸೇರಲಿ. "ಬೇಗ ಮಲಗು" ಎಂದು ಗದರಿದರೆ ಯಾವ ಮಗುವಿಗೂ ನಿದ್ದೆ ಬರುವುದಿಲ್ಲ. ದಿನಕ್ಕೆ ಹದಿನೈದು, ಇಪ್ಪತ್ತು ನಿಮಿಷ ಬೇಗ ಎಬ್ಬಿಸುತ್ತ ಬನ್ನಿ. ಬೆಳಿಗ್ಗೆ ಬೇಗ ಎದ್ದು ಓಡಿದ ಮೈಗೆ ರಾತ್ರಿ ತಾನಾಗಿ ಕಣ್ಣು ಎಳೆಯುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 9 ಗಂಟೆ ನಿದ್ದೆ ಬೇಕು. ರಾತ್ರಿ ಸ್ವಲ್ಪ ಕಡಿಮೆಯಾದರೆ ಮಧ್ಯಾಹ್ನ ಊಟದ ನಂತರದ ಒಂದು ಗಂಟೆ ಅದನ್ನು ತುಂಬುತ್ತದೆ. ಬಿಸಿಲೂರಿನವರು ಮಧ್ಯಾಹ್ನ ಮಲಗುವುದು ಸೋಮಾರಿತನವಲ್ಲ, ಬಾಳಿ ಕಲಿತ ಬುದ್ಧಿ.

ಬಿಸಿಲಿನ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಲು ಕಾರಣವಿದೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಏಪ್ರಿಲ್‌ನಲ್ಲಿ, ಖೋ ಖೋ ತಂಡಕ್ಕೆ ಅಭ್ಯಾಸ ಮಾಡಿಸುತ್ತಿದ್ದೆ. ಹತ್ತು ಗಂಟೆ ದಾಟಿದರೂ "ಇನ್ನೊಂದು ಸರದಿ" ಎಂದು ಎಳೆದೆ. ತಂಡದಲ್ಲೇ ಚುರುಕಾದ ಹುಡುಗಿ ಕಂಬ ಸುತ್ತುವಾಗ ತಡವರಿಸಿ ಕುಸಿದಳು. ಮುಖ ಬಿಳಿಚಿತ್ತು, ಮೈಯೆಲ್ಲ ಬೆವರು, ಎರಡು ಸಲ ವಾಂತಿ. ಬೇವಿನ ಮರದ ನೆರಳಿಗೆ ಎತ್ತಿಕೊಂಡು ಹೋಗಿ, ದುಪಟ್ಟಾ ಒದ್ದೆ ಮಾಡಿ ಮೈ ಒರೆಸಿ, ರಟ್ಟಿನಿಂದ ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡಳು. ತಪ್ಪು ನನ್ನದೇ ಆಗಿತ್ತು. ಚುರುಕಾದ ಮಗು ತಾನಾಗಿ "ಸಾಕು" ಎನ್ನುವುದಿಲ್ಲ ಎಂಬುದು ಅಂದು ತಿಳಿಯಿತು. ಅದರ ಪರವಾಗಿ ಗಡಿಯಾರ ನೋಡಬೇಕಾದವರು ನಾವು.

ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಬೆವರು ಕಡಿಮೆ. ಗಾಳಿಯೇ ಮೈಗಿಂತ ಬಿಸಿಯಾಗಿದ್ದಾಗ, ಅಂದರೆ ನಮ್ಮ 40, 42 ಡಿಗ್ರಿಯಲ್ಲಿ, ಮೈಯೊಳಗಿನ ಶಾಖ ಹೊರಹೋಗುವ ಬದಲು ಹೊರಗಿನದೇ ಒಳಬರುತ್ತದೆ. ಶಾಖಕ್ಕೆ ಮೈ ಒಗ್ಗಲು 10ರಿಂದ 14 ದಿನ ಬೇಕು. ರಜೆಯ ಮೊದಲ ದಿನವೇ ಎರಡು ಗಂಟೆ ಓಡಿಸಬೇಡಿ. 20 ನಿಮಿಷದಿಂದ ಶುರುಮಾಡಿ, ಎರಡು ವಾರದಲ್ಲಿ ಒಂದು ಗಂಟೆಗೆ ಬನ್ನಿ.

ಒಂದು ಗಂಟೆಯ ಲೆಕ್ಕ ವಿಶ್ವ ಆರೋಗ್ಯ ಸಂಸ್ಥೆಯದು: 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಆಡಬೇಕು. ಒಂದೇ ಬಾರಿಗೆ ಆಗಬೇಕೆಂದಿಲ್ಲ. ಬೆಳಿಗ್ಗೆ ನಲವತ್ತು, ಸಂಜೆ ಇಪ್ಪತ್ತು ಆದರೂ ನಡೆಯುತ್ತದೆ.

ಏನು ಆಡಿಸಬೇಕು? ಎಲ್ಲರೂ ಕ್ರಿಕೆಟ್ ಎನ್ನುತ್ತಾರೆ. ಕ್ರಿಕೆಟ್ ನನಗೂ ಇಷ್ಟ. ಆದರೆ ಚಡಪಡಿಸುವ ಮಗುವಿಗೆ ಅದು ಸಾಲದು. ಇಬ್ಬರು ಓಡುತ್ತಾರೆ, ಉಳಿದವರು ನಿಂತು ಸರದಿ ಕಾಯುತ್ತಾರೆ, ಸಣ್ಣವರಿಗೆ ಚೆಂಡು ಹೆಕ್ಕುವ ಕೆಲಸವೇ ಗಟ್ಟಿ. ನನ್ನ ಆಯ್ಕೆ ಲಗೋರಿ. ಕಲಬುರಗಿಯವರಿಗೆ ಇದರಲ್ಲಿ ಒಂದು ಭಾಗ್ಯವಿದೆ: ಶಹಾಬಾದ್ ಕಲ್ಲಿನ ಚೂರುಗಳು. ಮನೆ ಕಟ್ಟುವಲ್ಲೆಲ್ಲ ಬಿದ್ದಿರುತ್ತವೆ. ಚಪ್ಪಟೆಯಾಗಿ, ಒಂದರ ಮೇಲೊಂದು ಅಲುಗದೆ ಕೂರುತ್ತವೆ. ಚೂಪು ಅಂಚನ್ನು ನೆಲಕ್ಕೆ ಉಜ್ಜಿ ಮೊಂಡು ಮಾಡಿದ ಏಳು ಚೂರು, ಒಂದು ರಬ್ಬರ್ ಚೆಂಡು, ಅಷ್ಟೇ ಖರ್ಚು. ಗುರಿಯಿಟ್ಟು ಎಸೆಯುವುದು, ದಿಕ್ಕಾಪಾಲಾಗಿ ಓಡುವುದು, ತಪ್ಪಿಸಿಕೊಳ್ಳುವುದು, ಬಗ್ಗಿ ಕಲ್ಲು ಜೋಡಿಸುವುದು. ಯಾರೂ ಖಾಲಿ ನಿಲ್ಲುವುದಿಲ್ಲ. ಆರು ವರ್ಷದವನೂ ಹದಿಮೂರರವಳೂ ಒಂದೇ ತಂಡದಲ್ಲಿ ಆಡಬಹುದು. ಖೋ ಖೋ, ಕುಂಟಾಟ, ಹಗ್ಗ ಜಿಗಿತಗಳೂ ಹಾಗೆಯೇ. ಜಿಗಿಯುವ ಆಟ ವಾರದಲ್ಲಿ ಮೂರು ದಿನವಾದರೂ ಇರಲಿ, ಮೂಳೆ ಗಟ್ಟಿಯಾಗುವುದು ಅದರಿಂದ.

ಮಧ್ಯಾಹ್ನ ಬಾಗಿಲು ಹಾಕಿದ ಮೇಲೂ ಮೈ ಆಡಬಹುದು. ಪಡಸಾಲೆಯ ಫರಸಿಯ ಮೇಲೆ ಸೀಮೆಸುಣ್ಣದಿಂದ ಕುಂಟಬಿಲ್ಲೆಯ ಮನೆ ಬರೆಯಿರಿ. ಈ ತುದಿಯಿಂದ ಆ ತುದಿಗೆ ಕಪ್ಪೆಯಂತೆ ಜಿಗಿದು ಹೋಗಿ, ಏಡಿಯಂತೆ ಬೆನ್ನು ಕೆಳಗೆ ಮಾಡಿ ಮರಳಿ ಬರಲು ಹೇಳಿ. ಹತ್ತು ನಿಮಿಷ ಸಾಕು, ಮಕ್ಕಳು ತಾವಾಗಿ ಉರುಳಿಕೊಳ್ಳುತ್ತಾರೆ. ಮಾಳಿಗೆಗೆ ಮಾತ್ರ ಸಂಜೆ ಕಳೆಯದೆ ಬಿಡಬೇಡಿ. ಹಗಲೆಲ್ಲ ಕುಡಿದ ಶಾಖವನ್ನು ಸಿಮೆಂಟು ಹೊತ್ತು ಮುಳುಗಿದ ಮೇಲೂ ಉಗುಳುತ್ತಿರುತ್ತದೆ.

ರಜೆಗೆ ಮುತ್ಯಾನ ಹಳ್ಳಿಗೆ ಹೋಗುವ ಮಕ್ಕಳ ಬಗ್ಗೆ ಎರಡು ಮಾತು. ಎರೆಹೊಲ ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆದಿರುತ್ತದೆ, ಕಾಲು ಸಿಕ್ಕರೆ ಪಾದ ಹೊರಳುತ್ತದೆ. ತೊಗರಿ ಕೊಯ್ದು ಉಳಿದ ಕೂಳೆ ಚಪ್ಪಲಿಯನ್ನೂ ತೂರುತ್ತದೆ. ಬೂಟು ಹಾಕಿಸಿ. ಎರಡನೆಯದು ಇದಕ್ಕಿಂತ ಗಂಭೀರ. ಬಾವಿ, ಹೊಳೆಯ ಮಡು, ಮತ್ತು ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲು ಗಣಿಯ ಹೊಂಡಗಳು. ಗಣಿ ಹೊಂಡದ ನೀರು ಮೇಲಿನಿಂದ ಶಾಂತವಾಗಿ ಕಾಣುತ್ತದೆ; ಒಂದು ಹೆಜ್ಜೆಯಲ್ಲಿ ಮೊಳಕಾಲು, ಮುಂದಿನ ಹೆಜ್ಜೆಯಲ್ಲಿ ಆಳ, ಹಿಡಿದು ಮೇಲೇರಲು ದಂಡೆಯೇ ಇಲ್ಲ. ಈಜು ಬಲ್ಲ ದೊಡ್ಡವರು ಕೈಯಳತೆಯಲ್ಲಿ ಇಲ್ಲದೆ ಯಾವ ಮಗುವೂ ನೀರಿಗೆ ಇಳಿಯಬಾರದು. ಗಣಿ ಹೊಂಡಕ್ಕಂತೂ ಯಾರೊಂದಿಗೂ ಇಳಿಯಬಾರದು.

ಆಡುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಸಣ್ಣ ಲೋಟ ನೀರು, ಬಾಯಾರಿಕೆ ಆಗದಿದ್ದರೂ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಜೋಳದ ಅಂಬಲಿ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲದು ಎಂದರ್ಥ. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಕಾಯಬೇಡಿ: 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಇನ್ನು, ಗೇಟಿನ ಬಳಿ ಯಾರೂ ಕೇಳದ ಪ್ರಶ್ನೆಯೊಂದಿದೆ. "ಇವನು ಕೂರುವುದಿಲ್ಲ" ಎನ್ನುವವರೇ ಎಲ್ಲ, "ಇವಳು" ಎಂದವರು ಅಪರೂಪ. ಹನ್ನೊಂದು, ಹನ್ನೆರಡು ತುಂಬಿದ ಹುಡುಗಿಗೆ ಬೇಸಿಗೆ ರಜೆ ಎಂದರೆ ಹಪ್ಪಳ, ಶಾವಿಗೆ, ತಮ್ಮನನ್ನು ನೋಡಿಕೊಳ್ಳುವುದು. ಜೂನ್‌ನಲ್ಲಿ ಅವಳು ಮೈದಾನಕ್ಕೆ ಮರಳಿದಾಗ ಒಂದು ಸುತ್ತಿಗೇ ಏದುಸಿರು ಬಿಡುವುದನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ಕೆಲಸ ಕಲಿಯಲಿ, ಬೇಡ ಎನ್ನುವುದಿಲ್ಲ. ಆರರಿಂದ ಏಳೂವರೆವರೆಗೆ ಅವಳನ್ನು ಯಾರೂ ಕರೆಯಬೇಡಿ.

ಅದಕ್ಕೇ ನಮ್ಮ ಓಣಿಯ ಬೆಳಗಿನ ಲಗೋರಿಗೆ ನಾನು ಒಂದೇ ನಿಯಮ ಇಟ್ಟಿದ್ದೇನೆ: ತಮ್ಮ ಬಂದರೆ ಅಕ್ಕನೂ ಬರಬೇಕು. ಹೋದ ವರ್ಷ ಒಬ್ಬಳು ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡೇ ಬಂದಳು. ಕೂಸನ್ನು ನಾನು ಇಸಿದುಕೊಂಡೆ, ಅವಳು ಚೆಂಡು ಇಸಿದುಕೊಂಡಳು.