ಹಿತ್ತಲ ಬಳ್ಳಿಯ ಕಷಾಯ: ಯಾರಿಗೆ, ಎಷ್ಟು ದಿನ?

"ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ?" ಅಂದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದ್ದೇನೆ: "ಬೆಳಿಗ್ಗೆ ಎದ್ದು ಏನು ಕುಡಿತೀರಿ?" ಆಗ ಅಮೃತಬಳ್ಳಿಯ ಸುದ್ದಿ ಬರುತ್ತದೆ. "ಹಿತ್ತಲದ್ದೇ ಅಲ್ವಾ ಡಾಕ್ಟ್ರೇ, ಅದನ್ನೂ ಹೇಳಬೇಕಾ?"

ಹೇಳಬೇಕು. ಕೊರೊನಾ ಕಾಲದಲ್ಲಿ ಈ ಕಷಾಯ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟಾದ 6 ಜನರ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದರ ಜಾತಿಯದೇ ಇನ್ನೊಂದು ಬಳ್ಳಿ ಟಿನೋಸ್ಪೋರಾ ಕ್ರಿಸ್ಪಾ ಇರಬಹುದು ಎಂದಿತು. ಮರುವರ್ಷ ಹಲವು ಆಸ್ಪತ್ರೆಗಳ 43 ರೋಗಿಗಳ ವರದಿಯೂ ಬಂತು.

ನನಗೆ ಎರಡೂ ಕಡೆಯ ಮಾತಿನಲ್ಲಿ ಹುರುಳು ಕಾಣುತ್ತದೆ. ಕ್ರಿಸ್ಪಾದ ಕಾಂಡದ ತುಂಬ ನರೂಲಿಯಂಥ ಗುಳ್ಳೆಗಳು. ಅಮೃತಬಳ್ಳಿಯದ್ದು ಕಾಗದದಂತೆ ಸುಲಿಯುವ ತೆಳು ಸಿಪ್ಪೆ, ಕೆರೆದರೆ ಒಳಗೆ ಹಸಿರು. ಆದರೆ ಸರಿಯಾದ ಬಳ್ಳಿಯೇ ಆದರೂ ಎಲ್ಲರಿಗೂ ಒಗ್ಗುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ಕೆಣಕುವುದೇ ಅದರ ಗುಣ. ಆ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬಿದ್ದ ಕಾಯಿಲೆ ಇರುವವರಿಗೆ, ಅಂದರೆ ಲೂಪಸ್, ಕೆಲವು ಬಗೆಯ ಥೈರಾಯ್ಡ್, ಸಂಧಿವಾತದವರಿಗೆ, ಅದನ್ನು ಇನ್ನಷ್ಟು ಕೆಣಕುವುದು ಯಾಕೆ? ಲಿವರ್ ತೊಂದರೆ ಇರುವವರು, ಬಸುರಿಯರು ಕೂಡ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಸಕ್ಕರೆ ತೀರಾ ಇಳಿಯಬಹುದು.

ಉಳಿದವರು ಜ್ವರ ಬಂದಾಗ ಎರಡು ಮೂರು ದಿನ ಕುಡಿದರೆ ನನ್ನ ತಕರಾರಿಲ್ಲ. ಅಜ್ಜಿಯರು ಮಾಡುತ್ತಿದ್ದದ್ದೂ ಅಷ್ಟೇ. ತಿಂಗಳುಗಟ್ಟಲೆ ದಿನಾ ಕುಡಿಯುವ ಚಾಳಿ ಈಚಿನದು.

ದಿನಾ ಏನಾದರೂ ಬಿಸಿ ಬೇಕೇ? ಮಜ್ಜಿಗೆ ಹುಲ್ಲು ಕುದಿಸಿ, ಚೂರು ಬೆಲ್ಲ ಹಾಕಿ. ಘಮ ಚೆನ್ನಾಗಿದೆ, ನಿದ್ದೆ ಕೆಡಿಸುವ ಕೆಫೀನ್ ಇಲ್ಲ. ತುಳಸಿ, ಶುಂಠಿಯ ಕಷಾಯ ಗಂಟಲಿಗೆ ಹಿತ. ನೆಗಡಿ ಮಾತ್ರ ತನ್ನ ಪಾಡಿಗೆ ವಾರದಲ್ಲಿ ಹೋಗುತ್ತದೆ, ಹೆಸರು ಕಷಾಯಕ್ಕೆ! ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಇವನ್ನೂ ಕೇಳಿಯೇ ಕುಡಿಯಿರಿ.

ಊಟ ಸೇರದೆ, ಮೂತ್ರ ಕಡುಹಳದಿಯಾಗಿ, ಕಣ್ಣು ಹಳದಿಯಾದರೆ ಕಷಾಯ ಅವತ್ತೇ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ. ಬರುವಾಗ ಬಳ್ಳಿಯದೊಂದು ತುಂಡನ್ನು, ಎಲೆ ಸಮೇತ, ಚೀಲದಲ್ಲಿ ಹಾಕಿಕೊಂಡು ಬನ್ನಿ.