ಬರೆದಾಯ್ತು ಅಂದರೆ, ಎಲ್ಲಿ ಬರೆದಾಯ್ತು?

ಒಂದು ಡೇಟಾಬೇಸ್ ಸೆಕೆಂಡಿಗೆ ಲಕ್ಷ ಸಲ ಬರೆಯುತ್ತದೆ ಅಂತ ಯಾರಾದರೂ ಅಂಕಿ ತೋರಿಸಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬರೆದದ್ದು ಎಲ್ಲಿಗೆ, ಡಿಸ್ಕಿಗೋ ಅಥವಾ ಬರೀ ಮೆಮೊರಿಗೋ?

ಸಾಮಾನ್ಯ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಡೇಟಾ ತಟ್ಟೆಗೆ ಇಳಿದದ್ದು ಖಾತ್ರಿಯಾದ ಮೇಲೇ ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ 'ಆಯ್ತು' ಅನ್ನುತ್ತದೆ. ಒಂದು ಟ್ರಾನ್ಸಾಕ್ಷನ್ನಿಗೆ, ಅಂದರೆ ಒಟ್ಟಿಗೇ ಖಾಯಂ ಆಗುವ ಒಂದು ಕಂತೆ ಬರವಣಿಗೆಗೆ, ಎರಡು ಪೂರ್ತಿ ಸುತ್ತು ಬೇಕು. ಹಾಗಾಗಿ ಸೆಕೆಂಡಿಗೆ ಸುಮಾರು 60 ಅಷ್ಟೇ ಅಂತ ಅದನ್ನು ಮಾಡಿದವರೇ ಬರೆದಿದ್ದಾರೆ. ಸಾವಿರ ಸಾಲನ್ನು ಒಂದೊಂದಾಗಿ ಸೇರಿಸಿದರೆ 16–17 ಸೆಕೆಂಡ್ ಹಿಡಿಯುತ್ತದೆ. ಅದೇ ಸಾವಿರ ಸಾಲಿನ ಮುಂದೆ ಒಂದು ಬಿಗಿನ್ (ಶುರು), ಕೊನೆಗೆ ಒಂದು ಕಮಿಟ್ (ಖಾಯಂ ಮಾಡು) ಹಾಕಿ, ಎಲ್ಲ ಸೇರಿ ಒಂದೇ ಟ್ರಾನ್ಸಾಕ್ಷನ್ ಆಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಡಿಸ್ಕೂ ಅದೇ, ಡೇಟಾಬೇಸೂ ಅದೇ!

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೋಡಿದ್ದೀರಲ್ಲ? ಹೆಸರು, ಊರು, ಮೊತ್ತ ಬರೆದೇ ಮುಂದಿನವರ ಕವರ್ ಇಸಿದುಕೊಂಡರೆ ಸಾಲು ನಿಧಾನ. ಹತ್ತು ಕವರ್ ಒಟ್ಟಿಗೆ ತೆಗೆದುಕೊಂಡು, ಎಲ್ಲ ಬರೆದ ಮೇಲೆ ಹತ್ತೂ ಜನಕ್ಕೆ 'ಬಂತು' ಅಂದರೆ ಬೇಗ ಆಗುತ್ತದೆ, ಮೋಸವೂ ಇಲ್ಲ. ಆದರೆ 'ನೆನಪಿದೆ, ಊಟಕ್ಕೆ ಹೋಗಿ' ಅಂತ ಸುಮ್ನೆ ಕಳಿಸಿದರೆ? ಸಾಲು ಓಡುತ್ತದೆ, ಪುಸ್ತಕ ಮಾತ್ರ ಖಾಲಿ. ಮೊಂಗೋಡಿಬಿ ಅನ್ನುವ ಡೇಟಾಬೇಸಿನ ಡ್ರೈವರುಗಳು (ನಮ್ಮ ಪ್ರೋಗ್ರಾಮಿನಿಂದ ಅದಕ್ಕೆ ಡೇಟಾ ಕಳಿಸುವ ತುಣುಕುಗಳು) 2012ರ ಕೊನೆಯವರೆಗೂ ತಾವಾಗಿ ಸರ್ವರಿನ ಉತ್ತರಕ್ಕೂ ಕಾಯುತ್ತಿರಲಿಲ್ಲ. ಕವರನ್ನು ಕಿಟಕಿಯಿಂದ ಎಸೆದು ಹೋದ ಹಾಗೆ ಅದು. ಈಗಿನ ಎಸ್‌ಎಸ್‌ಡಿಯಲ್ಲಿ (ಚಿಪ್ಪಿನಲ್ಲಿ ಡೇಟಾ ಇಡುವ ಡಿಸ್ಕು) ತಿರುಗುವ ತಟ್ಟೆ ಇಲ್ಲ, ಪ್ರಶ್ನೆ ಮಾತ್ರ ಹಾಗೇ ಇದೆ.

ವೇಗದ ಅಂಕಿಗಳ ಬಗ್ಗೆ ಜಗಳ ಹಳೆಯದು. 1983ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡೆವಿಟ್ ಮತ್ತು ಜೊತೆಗಾರರು ಹಲವು ಡೇಟಾಬೇಸ್‌ಗಳ ವೇಗ ಅಳೆದು, ಹೆಸರು ಸಮೇತ ಪ್ರಕಟಿಸಿದರು. ಒರೇಕಲ್ ಕಂಪನಿಯ ಡೇಟಾಬೇಸ್ ಹಿಂದೆ ಬಿತ್ತು. ಆಮೇಲೆ ಅದರ ಲೈಸೆನ್ಸಿನಲ್ಲಿ ಒಂದು ಷರತ್ತು ಸೇರಿತು: ನಮ್ಮ ಒಪ್ಪಿಗೆಯಿಲ್ಲದೆ ವೇಗ ಪರೀಕ್ಷೆಯ ಫಲಿತಾಂಶ ಪ್ರಕಟಿಸಬಾರದು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಇವತ್ತಿಗೂ ಅದನ್ನು ಡೆವಿಟ್ ಷರತ್ತು ಅಂತಲೇ ಕರೆಯುತ್ತಾರೆ. ದುಡ್ಡು ಕೊಟ್ಟು ಕೊಂಡವರೇ ಅಳೆದು ಹೇಳುವ ಹಾಗಿಲ್ಲ ಅನ್ನುವುದು ಅನ್ಯಾಯ ಅಲ್ವಾ?

ಡೇಟಾಬೇಸ್ ವೇಗ ಅಳೆಯುವ ಪರೀಕ್ಷೆಗಳನ್ನು ರೂಪಿಸಲು 1988ರಲ್ಲಿ ಹುಟ್ಟಿದ ಟಿಪಿಸಿ ಸಂಸ್ಥೆಯ ನಿಯಮಗಳು ನನಗೆ ಇಷ್ಟವಾಗುವುದು ಇದಕ್ಕೇ. ಅದರ ಟಿಪಿಸಿ-ಸಿ ಪರೀಕ್ಷೆಯಲ್ಲಿ ವೇಗದ ಜೊತೆಗೆ ಬೆಲೆಯನ್ನೂ ಹೇಳಬೇಕು. ಹೊರಗಿನ ಆಡಿಟರ್ ಒಪ್ಪಬೇಕು. ಕೆಲಸ ಜೋರಾಗಿ ನಡೆಯುವಾಗಲೇ ಯಂತ್ರವನ್ನು ದಿಢೀರನೆ ಬೀಳಿಸುತ್ತಾರೆ. ಅದು ಮತ್ತೆ ಎದ್ದ ಮೇಲೆ, 'ಆಯ್ತು' ಅಂತ ಹೇಳಿದ್ದ ಆರ್ಡರುಗಳ ಪಟ್ಟಿ ಹಿಡಿದು, ಅವು ಟೇಬಲಿನಲ್ಲಿ ಇವೆಯಾ ಅಂತ ಹೋಲಿಸಿ ನೋಡುತ್ತಾರೆ.